ಬಿಳಿಯ ದ್ರಾಕ್ಷಾಮದ್ಯವನ್ನು ತಿಳಿಗೊಳಿಸುವ ಕಿಣ್ವಗಳೂ ಬೀದರ ಸೀಮೆಯ ಪಪ್ಪಾಯಿಯ ಹಾಲೂ

ಬೀದರ ನಗರದ ಸುತ್ತಲಿನ ಕೆಮ್ಮಣ್ಣಿನ ದಿನ್ನೆಯಲ್ಲಿಯೂ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಲ್ಲಿ ಬಾವಿಯ ನೀರಿನ ಅನುಕೂಲವಿರುವ ಹೊಲಗಳಲ್ಲಿಯೂ ಪಪ್ಪಾಯಿಯ ತೋಟಗಳನ್ನು ಎಬ್ಬಿಸಿರುವುದನ್ನು ವಾಚಕರು ಬಲ್ಲರು. ದರವಿದ್ದ ವರ್ಷ ಈ ಬೆಳೆಯು ಒಡೆಯನ ಸಾಲವನ್ನು ತೀರಿಸುವುದುಂಟು; ದರವಿಲ್ಲದ ವರ್ಷ ಹಣ್ಣು ಗಿಡದಲ್ಲಿಯೇ ಮಾಗಿ ಬಿದ್ದು, ಕೂಲಿಯೂ ಹುಟ್ಟದೆ ಹೋಗುವುದೂ ಉಂಟು. ಹೀಗಿರುವಲ್ಲಿ, ಪಪ್ಪಾಯಿಯ ಹಣ್ಣು ಮಾರದೆ ಹೋದರೂ ಚಿಂತೆಯಿಲ್ಲ, ಎಳೆಗಾಯಿಯ ಹಾಲನ್ನು ತೆಗೆದು ಒಣಗಿಸಿಟ್ಟರೆ ದ್ರಾಕ್ಷಾಮದ್ಯದ, ಎಂದರೆ ಜನರು ವೈನ್ ಎಂದು ಕರೆಯುವ ಪದಾರ್ಥದ, ಕಾರಖಾನೆಯವರು ತೂಕಕ್ಕೆ ಹಣ ಕೊಟ್ಟು ಒಯ್ಯುವರು ಎಂಬ ಮಾತು ಕೆಲವು ಗ್ರಾಮಗಳಲ್ಲಿ ಹರಡಿರುತ್ತದೆ. ಇದರಲ್ಲಿ ನಿಜವೆಷ್ಟು, ನಂಬಿ ಕೆಡುವ ಪಾಲೆಷ್ಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ಔರಾದ ತಾಲ್ಲೂಕಿನ ಜಮೀನುದಾರರೊಬ್ಬರು ಈ ಮಾತನ್ನು ನಂಬಿ, ತೊಗರಿ ಬಿತ್ತುತ್ತಿದ್ದ ಎಂಟು ಎಕರೆ ಎರೆಭೂಮಿಗೆ ಪಪ್ಪಾಯಿಯ ಸಸಿಗಳನ್ನು ಹಚ್ಚಲು ನಿಶ್ಚಯಿಸಿ ನಮ್ಮಲ್ಲಿಗೆ ಬಂದಿದ್ದರು. ಅವರ ಕೈಯಲ್ಲಿ ಒಂದು ಡಬ್ಬಿ ಇತ್ತು. ಮನೆಯ ಹಿತ್ತಲಿನ ಗಿಡಗಳಿಂದ ಹಾಲನ್ನು ತೆಗೆದು, ಕಬ್ಬಿಣದ ತಟ್ಟೆಯಲ್ಲಿ ವೈಶಾಖದ ಬಿಸಿಲಿಗೆ ಒಣಗಿಸಿ ಮಾದರಿಗಾಗಿ ತಂದಿದ್ದರು. ಡಬ್ಬಿಯಲ್ಲಿದ್ದುದು ಕಂದುಗಪ್ಪಾದ, ಬೆಲ್ಲದ ಮಡ್ಡಿಯಂಥ ಒಂದು ಪದಾರ್ಥ. ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಅರ್ಧ ಗಂಟೆ ಕಾದರೂ ಹಾಲು ಒಡೆಯಲಿಲ್ಲ. ಅವರು ಬಹಳ ಹೊತ್ತು ಆ ಪಾತ್ರೆಯನ್ನೇ ನೋಡುತ್ತ ಕುಳಿತಿದ್ದರು. ಆ ದಿನ ಅವರಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿರುತ್ತೇವೆ.

ಕಿಣ್ವವೆಂದರೆ ಸಜೀವ ವಸ್ತುಗಳಲ್ಲಿ ಹುಟ್ಟಿ, ತಾನು ವ್ಯಯವಾಗದೆ, ಬೇರೊಂದು ಪದಾರ್ಥವನ್ನು ಬೇಗನೆ ಒಡೆಯುವ ಅಥವಾ ಮಾರ್ಪಡಿಸುವ ದ್ರವ್ಯವು. ಹೆಸರು ಹೊಸದಾಗಿ ಕಂಡರೂ ಕೆಲಸವು ನಮ್ಮ ಮನೆಗಳಿಗೆ ಹೊಸದಲ್ಲ. ಬೀದರದ ಅಡಿಗೆಯವರು ಗಟ್ಟಿಯಾದ ಮಾಂಸಕ್ಕೆ ಹಸಿಯ ಪಪ್ಪಾಯಿಯನ್ನು ಅರೆದು ಹಚ್ಚಿ ಮೆತ್ತಗೆ ಮಾಡುವುದು ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವದ ಬಲದಿಂದ. ನಮ್ಮ ಜಿಲ್ಲೆಯ ಹಸಿಶುಂಠಿಯ ರಸವನ್ನು ಬಿಸಿಹಾಲಿಗೆ ಬಿಟ್ಟರೆ ಹಾಲು ಗಡ್ಡೆ ಕಟ್ಟುವುದು ಅದೇ ಜಾತಿಯ ಮತ್ತೊಂದು ಕಿಣ್ವದಿಂದ. ಹೆಚ್ಚಿಟ್ಟ ಬದನೆಕಾಯಿಯು ಗಾಳಿಗೆ ಕಪ್ಪಾಗುವುದೂ ಕಿಣ್ವದ ಕೆಲಸವೇ. ಆದರೆ ಅದು ಬೇರೆ ಜಾತಿಯದು, ಮತ್ತು ದ್ರಾಕ್ಷಾಮದ್ಯ ಮಾಡುವವನಿಗೆ ಅದು ಶತ್ರುವು.

ಬಿಳಿಯ ದ್ರಾಕ್ಷಾಮದ್ಯವನ್ನು ಮಾಡುವ ಕ್ರಮವನ್ನು ಸಂಕ್ಷೇಪವಾಗಿ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುವುದು. ಹಣ್ಣನ್ನು ಹಿಂಡಿ, ಸಿಪ್ಪೆ ಬೀಜಗಳನ್ನು ಕೂಡಲೇ ಬೇರ್ಪಡಿಸಿ, ರಸವನ್ನು ಮಾತ್ರ ತಂಪಾದ ತೊಟ್ಟಿಯಲ್ಲಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ನಿಲ್ಲಿಸುವರು. ಗಸಿಯು ಕೆಳಗಿಳಿದ ಮೇಲೆ ತಿಳಿರಸವನ್ನು ಬೇರೆ ತೊಟ್ಟಿಗೆ ಬಗ್ಗಿಸಿ, ಯೀಸ್ಟನ್ನು ಕೂಡಿಸಿ, 12ರಿಂದ 18 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಎರಡು ಮೂರು ವಾರಗಳವರೆಗೆ ಹುದುಗಿಸುವರು. ಕೆಂಪು ದ್ರಾಕ್ಷಾಮದ್ಯವನ್ನು ಸಿಪ್ಪೆಯೊಡನೆಯೇ ಹುದುಗಿಸುವುದರಿಂದ ಅದರಲ್ಲಿ ಒಗರು ಹೆಚ್ಚು, ಸಣ್ಣಪುಟ್ಟ ಮಬ್ಬು ಕಣ್ಣಿಗೆ ಕಾಣದು. ಬಿಳಿಯದರಲ್ಲಿ ಮರೆಮಾಡಲು ಏನೂ ಇಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದಾಗ ತುಸು ಮಂಜು ಕಂಡರೂ ಗಿರಾಕಿಯು ಅದನ್ನು ಕೆಟ್ಟಿತೆಂದೇ ತಿಳಿದು ಹಿಂದಿರುಗಿಸುವನು.

ಈ ಕ್ರಮದಲ್ಲಿ ಕಿಣ್ವಗಳ ಪಾತ್ರವು ಮೊದಲ ಹೆಜ್ಜೆಯಿಂದಲೇ ಆರಂಭವಾಗುತ್ತದೆ. ಹಿಂಡಿದ ರಸವು ಗಾಳಿಗೆ ಕಂದಾಗುವುದು ಬದನೆಕಾಯಿಯನ್ನು ಕಪ್ಪಾಗಿಸುವ ಜಾತಿಯ ಕಿಣ್ವದಿಂದ. ತಂಪು ಮತ್ತು ಗಂಧಕದ ಹೊಗೆಯಿಂದಾದ ದ್ರವ್ಯ ಇವೆರಡರಿಂದ ಅದನ್ನು ಅಡಗಿಸುವರು. ರಸವನ್ನು ಲೋಳೆಯಾಗಿಸಿ ಗಸಿಯನ್ನು ಕೆಳಗಿಳಿಯಗೊಡದಿರುವ ಪದಾರ್ಥವು ಪೆಕ್ಟಿನ್. ಪೇರಲಹಣ್ಣಿನ ಜೆಲ್ಲಿಯು ಗಟ್ಟಿಯಾಗುವುದೂ ಇದರಿಂದಲೇ. ಇದನ್ನು ಕತ್ತರಿಸುವ ಪೆಕ್ಟಿನೇಸ್ ಎಂಬ ಕಿಣ್ವವನ್ನು ನೂರು ಲೀಟರ್ ರಸಕ್ಕೆ ಒಂದರಿಂದ ನಾಲ್ಕು ಗ್ರಾಂವರೆಗೆ ಕೂಡಿಸಿದರೆ ರಸವು ಬೇಗನೆ ತಿಳಿಯಾಗಿ, ಹಿಂಡಿಯಿಂದ ಇಳಿಯುವ ರಸವೂ ಹೆಚ್ಚುವುದು. ಆದರೆ ಪೇಟೆಯಲ್ಲಿ ದೊರೆಯುವ ಪೆಕ್ಟಿನೇಸು ಗಿಡದಿಂದ ತೆಗೆದದ್ದಲ್ಲ; ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟನ್ನು ತೊಟ್ಟಿಗಳಲ್ಲಿ ಬೆಳೆಸಿ ಅದರಿಂದ ತೆಗೆದದ್ದು. ಇದನ್ನು ಜಮೀನುದಾರರು ಮುಖ್ಯವಾಗಿ ಗಮನಿಸಬೇಕು. ದ್ರಾಕ್ಷಾಮದ್ಯದ ಕಾರಖಾನೆಯು ಕಿಣ್ವವನ್ನು ಕೊಳ್ಳುತ್ತದೆಂಬುದು ನಿಜ. ಆದರೆ ಅದು ಹೆಚ್ಚಾಗಿ ಕೊಳ್ಳುವ ಕಿಣ್ವವು ನಮ್ಮ ತೋಟದಲ್ಲಿ ಹುಟ್ಟುವಂಥದಲ್ಲ.

ಪಪ್ಪಾಯಿಯ ಹೆಸರು ಬರುವುದು ಅನಂತರದ ಘಟ್ಟದಲ್ಲಿ. ದ್ರಾಕ್ಷಿಯ ಹಣ್ಣು ಬೂಸ್ಟು ರೋಗಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಕೆಲವು ಪ್ರೋಟೀನುಗಳನ್ನು ತನ್ನಲ್ಲಿಯೇ ಕಟ್ಟಿಕೊಳ್ಳುತ್ತದೆ. ಇವು ಬಹಳ ಗಟ್ಟಿಗ ಪ್ರೋಟೀನುಗಳು. ಹುದುಗಿನಲ್ಲಿಯೂ ಒಡೆಯದೆ ಮದ್ಯದಲ್ಲಿ ಕಣ್ಣಿಗೆ ಕಾಣದಂತೆ ಕರಗಿ ಉಳಿಯುತ್ತವೆ. ಸೀಸೆಯು ತಂಪಿನಲ್ಲಿರುವವರೆಗೆ ತೊಂದರೆಯಿಲ್ಲ. ವೈಶಾಖದಲ್ಲಿ 40 ಡಿಗ್ರಿಯ ಸಮೀಪಕ್ಕೆ ಏರುವ ನಮ್ಮ ಸೀಮೆಯ ಬಿಸಿಲಲ್ಲಿ ಅದೇ ಸೀಸೆಯು ಲಾರಿಯ ಮೇಲೆ ಎರಡು ದಿನ ಬಂದರೆ, ಮೊಟ್ಟೆಯ ಬಿಳಿಯು ಕಾವಿಗೆ ಗಟ್ಟಿಯಾಗುವಂತೆ ಈ ಪ್ರೋಟೀನುಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಮಂಜಾಗುತ್ತವೆ. ರುಚಿಯು ಕೆಡದಿದ್ದರೂ ಮಾಲು ಕೆಟ್ಟಂತೆಯೇ ಸರಿ. ಇದನ್ನು ಮೊದಲೇ ತಿಳಿಯಲು ಕಾರಖಾನೆಯವರು ಮಾದರಿಯನ್ನು 80 ಡಿಗ್ರಿ ಶಾಖದಲ್ಲಿ ಎರಡು ಗಂಟೆಯಿರಿಸಿ, ಆರಿಸಿ, ಮಬ್ಬು ಬಂದಿದೆಯೇ ಎಂದು ಪರೀಕ್ಷಿಸುವರು.

ಈ ಪ್ರೋಟೀನನ್ನು ತೆಗೆಯಲು ಲೋಕದಲ್ಲೆಲ್ಲ ಬಳಕೆಯಲ್ಲಿರುವುದು ಕಿಣ್ವವಲ್ಲ, ಬೆಂಟೋನೈಟ್ ಎಂಬ ಜೇಡಿಮಣ್ಣು. ನಮ್ಮ ದೇಶದಲ್ಲಿ ಕಚ್ಛ ಮತ್ತು ಬಾಡಮೇರ ಪ್ರಾಂತಗಳಲ್ಲಿ ಇದರ ಗಣಿಗಳುಂಟು. ಒಂದು ಲೀಟರಿಗೆ ಅರ್ಧದಿಂದ ಒಂದು ಗ್ರಾಂನಷ್ಟನ್ನು ನೀರಿನಲ್ಲಿ ನೆನೆಸಿ ಕೂಡಿಸಿದರೆ ಅದು ಪ್ರೋಟೀನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಭಾಲ್ಕಿ ಔರಾದಗಳ ಒಕ್ಕಲಿಗರಿಗೆ ಈ ಮಣ್ಣಿನ ಸ್ವಭಾವವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಮಳೆಗೆ ಉಬ್ಬಿ ಅಂಟಾಗಿ, ಬೇಸಿಗೆಗೆ ಕಾಲು ಹೋಗುವಷ್ಟು ಬಿರುಕು ಬಿಡುವ ಅವರ ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವೇ ಬೆಂಟೋನೈಟಿನ ಮುಖ್ಯಾಂಶವೂ ಆಗಿದೆ. (ಹಾಗೆಂದು ಹೊಲದ ಮಣ್ಣನ್ನು ಯಾರೂ ಇದಕ್ಕೆ ಬಳಸಲಾಗದು, ಶುದ್ಧಿ ಮಾಡಿದ ಮಣ್ಣೇ ಬೇಕು.) ಉಬ್ಬುವ ಈ ಗುಣದಿಂದಲೇ ಒಂದು ಕೆಡಕೂ ಉಂಟು: ತಳದಲ್ಲಿ ನಿಂತ ಕೆಸರು ನೂರಕ್ಕೆ ಮೂರರಿಂದ ಹತ್ತು ಪಾಲು ಮದ್ಯವನ್ನು ತನ್ನಲ್ಲಿ ಹೀರಿಕೊಂಡು ನಷ್ಟಮಾಡುವುದಲ್ಲದೆ, ಸ್ವಲ್ಪ ಪರಿಮಳವನ್ನೂ ಒಯ್ಯುವುದು. ಈ ನಷ್ಟವನ್ನು ತಪ್ಪಿಸುವ ಆಸೆಯೇ, ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳ ಕಡೆಗೆ ಶಾಸ್ತ್ರಜ್ಞರ ದೃಷ್ಟಿಯನ್ನು ಹರಿಯಿಸಿತು.

ಪಪೇನ್ ಎಂಬ ಹೆಸರು ಫ್ರಾನ್ಸ್ ದೇಶದಲ್ಲಿ 1879ರಲ್ಲಿ ಹುಟ್ಟಿತು. 1911ರಲ್ಲಿ ಅಮೆರಿಕದ ಲಿಯೋ ವಾಲರ್‌ಸ್ಟೈನ್ ಎಂಬವರು, ತಂಪಿಗೆ ಮಬ್ಬಾಗುವ ಬಿಯರನ್ನು ಪಪೇನಿನಂತಹ ಕಿಣ್ವಗಳಿಂದ ತಿಳಿಯಾಗಿ ಉಳಿಸಬಹುದೆಂದು ತೋರಿಸಿ ಹಕ್ಕುಪತ್ರವನ್ನು ಪಡೆದರು. ಅಂದಿನಿಂದ ಬಿಯರಿನ ಕಾರಖಾನೆಗಳಲ್ಲಿ ಪಪೇನು ಬಹುಕಾಲ ಬಳಕೆಯಾಯಿತು. ಬಿಯರಿನಲ್ಲಿ ಸಾಧ್ಯವಾದದ್ದು ದ್ರಾಕ್ಷಾಮದ್ಯದಲ್ಲಿ ಏಕಾಗಬಾರದು ಎಂದು ಕೇಳುವುದು ಸಹಜವೇ. ಆಗದಿರುವುದಕ್ಕೆ ಕಾರಣಗಳುಂಟು. ಪಪೇನಿಗೆ ಹುಳಿಯು ಹೆಚ್ಚಾಗಿಲ್ಲದ ನೀರು ಬೇಕು. ದ್ರಾಕ್ಷಾಮದ್ಯವು ಬಿಯರಿಗಿಂತ ಬಹಳ ಹುಳಿ. ಅದರಲ್ಲಿ ಮದ್ಯಸಾರವೂ ಹೆಚ್ಚು, ಒಗರಿನ ಅಂಶವೂ ಕಿಣ್ವವನ್ನು ಕಟ್ಟಿಹಾಕುವುದು. ಎಲ್ಲಕ್ಕಿಂತ ಮುಖ್ಯವಾಗಿ, ದ್ರಾಕ್ಷಿಯ ಆ ಪ್ರೋಟೀನುಗಳು ಬಿಗಿಯಾಗಿ ಸುತ್ತಿಕೊಂಡಿರುವ ನೂಲಿನ ಉಂಡೆಯಂತಿದ್ದು, ತಂಪಿನಲ್ಲಿ ಕಿಣ್ವದ ಕತ್ತರಿಗೆ ಎಳೆಯನ್ನೇ ಕೊಡುವುದಿಲ್ಲ.

ಉಂಡೆಯನ್ನು ಬಿಚ್ಚಬೇಕಾದರೆ ಕಾವು ಬೇಕು. ಆಸ್ಟ್ರೇಲಿಯದ ದ್ರಾಕ್ಷಾಮದ್ಯ ಸಂಶೋಧನಾಲಯದವರು ರಸವನ್ನು 75 ಡಿಗ್ರಿಗೆ ಒಂದು ನಿಮಿಷದಷ್ಟು ಕಾಲ ಕಾಯಿಸಿ, ಅದೇ ವೇಳೆಗೆ ಕಾವನ್ನೂ ಹುಳಿಯನ್ನೂ ತಾಳುವ ಕಿಣ್ವವನ್ನು ಕೂಡಿಸಿ, ಕೂಡಲೇ ತಂಪುಮಾಡುವ ಕ್ರಮವನ್ನು ಸಿದ್ಧಪಡಿಸಿ, ಮಬ್ಬು ಬಾರದಂತೆ ಮಾಡಿದರು. 2021ರಲ್ಲಿ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ದ್ರಾಕ್ಷಾಮದ್ಯ ಸಂಸ್ಥೆಯೂ ಆ ಕಿಣ್ವಕ್ಕೆ ಒಪ್ಪಿಗೆಯನ್ನು ಕೊಟ್ಟಿತು. ಆದರೆ ಅದೂ ಬೂಸ್ಟಿನಿಂದ ತೆಗೆದ ಕಿಣ್ವವೇ. ಗಿಡಮೂಲದ ಕಿಣ್ವಗಳಲ್ಲಿ ಹುಳಿಯಲ್ಲಿ ಸ್ವಲ್ಪ ಚೆನ್ನಾಗಿ ಕೆಲಸಮಾಡುವುದು ಅನಾನಸು ಗಿಡದ ದಿಂಡಿನಿಂದ ದೊರೆಯುವ ಬ್ರೊಮೆಲೈನು. ಇಟಲಿಯ ಶಾಸ್ತ್ರಜ್ಞರು ಅದನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಆ ಮಣಿಗಳ ಮೇಲೆ ಬಿಳಿಯ ಮದ್ಯವನ್ನು ಹರಿಯಿಸಿ ಪರೀಕ್ಷಿಸಿದ್ದಾರೆ. ಹೀಗೆ ಮಾಡಿದರೆ ಕಿಣ್ವವು ಮದ್ಯದಲ್ಲಿ ಉಳಿಯದು, ಅದನ್ನು ಮತ್ತೆ ಮತ್ತೆ ಉಪಯೋಗಿಸಲೂಬಹುದು. ಜಾಣ್ಮೆಯ ಕೆಲಸವೇ ಸರಿ. ಆದರೆ ಪರೀಕ್ಷಾಶಾಲೆಯ ಬಾಗಿಲು ದಾಟಿ ತೋಟದ ಒಡೆಯನ ಕೈಗೆ ಹಣವಾಗಿ ಬರುವ ಕೆಲಸವಲ್ಲ.

ಈಗ ಲೆಕ್ಕಕ್ಕೆ ಬರೋಣ. ದ್ರಾಕ್ಷಾಮದ್ಯಕ್ಕೆ ಪಪೇನೇ ಸಲ್ಲುವುದೆಂದೂ, ನೂರು ಲೀಟರಿಗೆ ಐದು ಗ್ರಾಂ ಬೇಕೆಂದೂ ವಾದಕ್ಕಾಗಿ ಒಪ್ಪಿಕೊಳ್ಳೋಣ. ವರ್ಷಕ್ಕೆ ಒಂದು ಲಕ್ಷ ಲೀಟರ್ ತಯಾರಿಸುವ ಕಾರಖಾನೆಗೆ ಆಗ ಬೇಕಾಗುವುದು ಐದು ಕಿಲೋಗ್ರಾಂ ಮಾತ್ರ. ಆರು ಅಡಿಗೊಂದರಂತೆ ಹಚ್ಚಿದರೆ ಒಂದು ಎಕರೆಗೆ ಹೆಚ್ಚುಕಡಿಮೆ 1,200 ಗಿಡಗಳು ಹಿಡಿಯುವುವು. ಗಂಡುಗಿಡಗಳನ್ನೂ ಸತ್ತವುಗಳನ್ನೂ ಕಳೆದು ಸಾವಿರ ಉಳಿದವೆನ್ನೋಣ. ಗಿಡಕ್ಕೆ ಮೂವತ್ತು ಕಾಯಿ, ಕಾಯಿಗೆ ಐದು ಗ್ರಾಂ ಒಣಪುಡಿ ಎಂದು ಕೈಬಿಗಿಹಿಡಿದು ಲೆಕ್ಕಹಾಕಿದರೂ ಎಕರೆಗೆ 150 ಕಿಲೋಗ್ರಾಂ ಆಗುವುದು. ಔರಾದದ ಆ ಜಮೀನುದಾರರ ಎಂಟು ಎಕರೆಗೆ 1,200 ಕಿಲೋಗ್ರಾಂ. ಅದನ್ನೆಲ್ಲ ವ್ಯಯಮಾಡಲು ಎರಡು ಕೋಟಿ ನಲವತ್ತು ಲಕ್ಷ ಲೀಟರ್ ಬಿಳಿಯ ಮದ್ಯವೇ ಬೇಕು! ಈ ಲೆಕ್ಕವನ್ನು ಅವರ ಮುಂದೆ ಕಾಗದದ ಮೇಲೆ ಮಾಡಿ ತೋರಿಸಿದಾಗ, ಮಾತು ಕೊಟ್ಟ ವ್ಯಾಪಾರಿಯು ಮುಂಗಡವಾಗಿ ಹಣವನ್ನೇನೂ ಕೊಟ್ಟಿಲ್ಲವೆಂದೂ, ಸಸಿಗಳನ್ನು ಮಾತ್ರ ತನ್ನಲ್ಲಿಯೇ ಕೊಳ್ಳಬೇಕೆಂದು ಹೇಳಿರುವನೆಂದೂ ಅವರು ತಿಳಿಸಿದರು. ವಾಚಕರು ಇದರಿಂದ ತಿಳಿಯಬೇಕಾದುದನ್ನು ತಿಳಿಯುವರು.

ಹಾಗಾದರೆ ಪಪ್ಪಾಯಿಯ ಹಾಲು ಕೆಲಸಕ್ಕೆ ಬಾರದ್ದೇ? ಹಾಗಲ್ಲ. ಮಾಂಸವನ್ನು ಮೆದುಮಾಡುವುದಕ್ಕೂ, ಜೀರ್ಣಕಾರಿ ಔಷಧಗಳಿಗೂ, ಚರ್ಮ ಹದಮಾಡುವುದಕ್ಕೂ, ರೇಷ್ಮೆಯ ಅಂಟು ಬಿಡಿಸುವುದಕ್ಕೂ ಪಪೇನನ್ನು ಕೊಳ್ಳುವವರಿದ್ದಾರೆ. ಕೊಳ್ಳುವವನು ತೂಕವೊಂದನ್ನೇ ನೋಡನು. ಕಿಣ್ವದ ಬಲವನ್ನು ಅಳೆದು ದರವನ್ನು ಕಟ್ಟುವನು. ಆದುದರಿಂದ ತೆಗೆಯುವ ಕ್ರಮದಲ್ಲಿಯೇ ಲಾಭನಷ್ಟವಿರುವುದು.

ಕಾಯಿ ಕಚ್ಚಿ 75ರಿಂದ 90 ದಿನಗಳಾದಾಗ, ಇನ್ನೂ ಹಸುರಾಗಿರುವಲ್ಲಿ, ಬೆಳಗಿನ ಹತ್ತು ಗಂಟೆಯೊಳಗೆ ಹಾಲನ್ನು ಇಳಿಸಬೇಕು. ಬಿಸಿಲೇರಿದಂತೆ ಹರಿವು ಕುಗ್ಗುವುದು. ತೊಟ್ಟಿನಿಂದ ತುದಿಯವರೆಗೆ ಉದ್ದವಾಗಿ ನಾಲ್ಕು ಗೆರೆಗಳನ್ನು, ಮೂರು ಮಿಲಿಮೀಟರಿಗಿಂತ ಆಳವಾಗದಂತೆ, ಬಿದಿರಿನ ಸೀಳಿನಿಂದಲೋ ತುಕ್ಕು ಹಿಡಿಯದ ಉಕ್ಕಿನ ಅಲಗಿನಿಂದಲೋ ಎಳೆಯತಕ್ಕದ್ದು. ಆಳವಾದರೆ ರಸವೂ ತಿರುಳೂ ಬೆರೆತು ಕಾಯಿ ಕೊಳೆಯುವುದು. ಮೂರು ನಾಲ್ಕು ದಿನಗಳಿಗೊಮ್ಮೆ, ಹಿಂದಿನ ಗೆರೆಗಳ ನಡುವೆ, ಒಟ್ಟು ಮೂರು ನಾಲ್ಕು ಸಲ ಹೀಗೆ ಮಾಡಬಹುದು. ಹಾಲನ್ನು ಹಿಡಿಯುವ ಪಾತ್ರೆಯು ಗಾಜಿನದೋ ಪಿಂಗಾಣಿಯದೋ ಅಲ್ಯೂಮಿನಿಯಮಿನದೋ ಆಗಿರಲಿ. ಕಬ್ಬಿಣವೂ ತಾಮ್ರವೂ ಕಿಣ್ವಕ್ಕೆ ವಿಷಸಮಾನ. ಔರಾದದ ಡಬ್ಬಿಯು ಕಪ್ಪಾಗಿದ್ದುದಕ್ಕೆ ಕಬ್ಬಿಣದ ತಟ್ಟೆಯು ಒಂದು ಕಾರಣ, ಸುಡುವ ಬಿಸಿಲು ಇನ್ನೊಂದು. ಹತ್ತು ಕಿಲೋಗ್ರಾಂ ಹಾಲಿಗೆ ಐದು ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಬೆರೆಸಿ, ತೆಳ್ಳಗೆ ಹರವಿ, 50ರಿಂದ 55 ಡಿಗ್ರಿ ಮೀರದ ಶಾಖದ ಪೆಟ್ಟಿಗೆಯಲ್ಲಿ ಅದೇ ದಿನ ಒಣಗಿಸಿದರೆ ಕೆನೆಬಣ್ಣದ ಹಕ್ಕಳೆಯಾಗುವುದು. ಐದು ಪಾಲು ಹಾಲಿಗೆ ಸುಮಾರು ಒಂದು ಪಾಲು ಪುಡಿ ದೊರೆಯುವುದು. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡಬೇಕು. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ ಬೆಚ್ಚಗಿನ ಹಾಲಿಗೆ ಬಿಟ್ಟು, ಎಷ್ಟು ಹೊತ್ತಿಗೆ ಹಾಲು ಕಾಳುಕಟ್ಟುವುದೆಂದು ಗಡಿಯಾರ ನೋಡಿ ಗುರುತಿಟ್ಟುಕೊಂಡರೆ, ಒಂದು ದಿನದ ಮಾಲನ್ನು ಮತ್ತೊಂದು ದಿನದ್ದರೊಡನೆ ಮನೆಯಲ್ಲಿಯೇ ಹೋಲಿಸಬಹುದು.

ಕೂಲಿಯವರ ವಿಷಯವನ್ನು ಮರೆಯಬಾರದು. ಈ ಹಾಲು ಮಾಂಸವನ್ನು ಕರಗಿಸುವಂಥದು. ಬರಿಗೈಯಲ್ಲಿ ದಿನವೆಲ್ಲ ಮುಟ್ಟಿದವರ ಚರ್ಮವು ಸುಲಿಯುವುದು, ಕಣ್ಣಿಗೆ ಸಿಡಿದರೆ ಅಪಾಯ. ಒಣಪುಡಿಯ ಧೂಳನ್ನು ಉಸಿರಾಡಿದವರಿಗೆ ಉಬ್ಬಸವು ಹತ್ತಿದ ನಿದರ್ಶನಗಳು ವೈದ್ಯರ ಅನುಭವದಲ್ಲಿವೆ. ಕೈಗವಸು, ಕನ್ನಡಕ, ಪುಡಿಮಾಡುವಲ್ಲಿ ಮೂಗುಬಾಯಿಗಳಿಗೆ ಮುಖವಾಡ ಇವನ್ನು ಒಡೆಯನೇ ಒದಗಿಸತಕ್ಕದ್ದು.

ಹಾಲಿಗಾಗಿಯೇ ಬೆಳೆಯುವವರಿಗೆ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಕೋ-2, ಕೋ-5 ಎಂಬ ತಳಿಗಳು ತಕ್ಕವು. ನಮ್ಮ ಸೀಮೆಯಲ್ಲಿ ಹಣ್ಣಿಗಾಗಿ ಹಚ್ಚುವ ರೆಡ್ ಲೇಡಿ ತಳಿಯು ಬೇರೆ ಉದ್ದೇಶದ್ದು. ಗೆರೆಯೆಳೆದ ಕಾಯಿಯು ಮಾಗಿದರೆ ಒಳಗೆ ಸಿಹಿಯಾಗಿಯೇ ಇದ್ದರೂ, ಮೈಯಮೇಲಿನ ಕಲೆಯಿಂದ ಪೇಟೆಯಲ್ಲಿ ಬೆಲೆ ಕಳೆದುಕೊಳ್ಳುವುದು. ಟೂಟಿ ಫ್ರೂಟಿ, ಜಾಮ್ ಮಾಡುವವರು ಹತ್ತಿರವಿದ್ದರೆ ಮಾತ್ರ ಅದಕ್ಕೆ ಗಿರಾಕಿ.

ಇನ್ನು ಭೂಮಿಯ ಮಾತು. ಬೀದರದ ಕೆಮ್ಮಣ್ಣು ನೀರನ್ನು ಬೇಗ ಇಂಗಿಸುವುದು. ನೆಲದೊಳಗೆ ಸುರಂಗಬಾವಿಗಳನ್ನು ತೋಡಿ ನೀರನ್ನು ಹರಿಯಿಸಿದ ಹಿಂದಿನವರು ಆ ಮುರಕಲ್ಲಿನ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ಪಪ್ಪಾಯಿಯ ಬೇರು ಸುಖವಾಗಿರುವುದು. ಭಾಲ್ಕಿ ಔರಾದಗಳ ಎರೆಯಲ್ಲಿ ಮಳೆಗಾಲದ ನೀರು ಒಂದೆರಡು ದಿನ ಬುಡದಲ್ಲಿ ನಿಂತರೂ ಸಾಕು, ಬುಡಕೊಳೆ ರೋಗವು ತಗಲಿ ಸಾಲುಸಾಲೇ ಮಲಗುವುದು. ಅಲ್ಲಿ ಹಚ್ಚಲೇಬೇಕೆಂದರೆ ಎತ್ತರವಾದ ಏರುಮಡಿ, ನಡುವೆ ನೀರು ಬಸಿಯುವ ಕಾಲುವೆ ಇಲ್ಲದೆ ಕೈಹಾಕಬಾರದು. ಉಂಗುರಚುಕ್ಕೆ ಎಂಬ ನಂಜುರೋಗವು ಇನ್ನೊಂದು ಕಂಟಕ. ಹೇನುಗಳು ಗಿಡದಿಂದ ಗಿಡಕ್ಕೆ ಒಯ್ಯುವ ಈ ರೋಗಕ್ಕೆ ಔಷಧವಿಲ್ಲ. ರೋಗದ ಗಿಡವನ್ನು ಕಿತ್ತು ಸುಡುವುದೊಂದೇ ಉಪಾಯ. ಒಬ್ಬನು ಕಿತ್ತು ಪಕ್ಕದವನು ಬಿಟ್ಟರೆ ಫಲವಿಲ್ಲ. ಗ್ರಾಮದ ಹಿರಿಯರು ಎಲ್ಲ ತೋಟಗಳವರನ್ನೂ ಕೂಡಿಸಿ ಒಂದೇ ವಾರದಲ್ಲಿ ಕೀಳಿಸಿದರೆ ಉಪಯೋಗವುಂಟು.

ಕಾಯಿದೆಯ ಸಂಗತಿಯನ್ನೂ ಹೇಳಬೇಕು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದ ಮೇಲೆ, ವಿಜಯಪುರ ಬಾಗಲಕೋಟೆಗಳ ಕಡೆಯ ಕೃಷ್ಣಾ ಕಣಿವೆಗೂ ನಂದಿಯ ಸುತ್ತಲಿನ ಪ್ರಾಂತಕ್ಕೂ ಪ್ರೋತ್ಸಾಹ ದೊರೆತಿರುವುದನ್ನು ಕೇಳಿ, ದ್ರಾಕ್ಷಿಯೊಡನೆ ಮದ್ಯವನ್ನೂ ಮನೆಯಲ್ಲಿಯೇ ಮಾಡಿ ನೋಡೋಣವೆಂದು ಒಬ್ಬಿಬ್ಬರು ಕೇಳಿದ್ದುಂಟು. ಪರವಾನಗಿಯಿಲ್ಲದೆ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಮೇರೆಗೆ ಅಪರಾಧವಾಗುವುದು. ಪ್ರಮಾಣವು ಅಲ್ಪವಾಗಿದ್ದರೂ ಅದು ನೆವವಾಗದು.

ಔರಾದದ ಆ ಜಮೀನುದಾರರು ಎಂಟು ಎಕರೆಯ ಯೋಚನೆಯನ್ನು ಬಿಟ್ಟರು. ತೊಗರಿಯನ್ನು ಎಂದಿನಂತೆ ಬಿತ್ತಿ, ಬಾವಿಯ ಮಗ್ಗುಲಿನ ಎತ್ತರದ ನೆಲದಲ್ಲಿ ಹತ್ತು ಗುಂಟೆಯಷ್ಟು ಮಾತ್ರ ಏರುಮಡಿಯಲ್ಲಿ ಹಚ್ಚುವುದಾಗಿ ಹೇಳಿ ಹೋದರು. ಹಾಗೆ ಸ್ವಲ್ಪದರಲ್ಲಿ ಪರೀಕ್ಷಿಸಬೇಕೆನ್ನುವವರು ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಬೀದರದ ತೋಟಗಾರಿಕೆ ಮಹಾವಿದ್ಯಾಲಯದಲ್ಲಿಯೂ ಮಣ್ಣು ತಳಿಗಳ ವಿಷಯವನ್ನು ವಿಚಾರಿಸಬಹುದು. ಹಾಲನ್ನು ಶುದ್ಧಿಮಾಡುವ ಕ್ರಮಕ್ಕೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಕ್ಕೆ ಬರೆದು ಕೇಳಬಹುದು. ಕೊಳ್ಳುವೆನೆನ್ನುವ ವ್ಯಾಪಾರಿಯಿಂದ ದರ, ಕಿಣ್ವದ ಬಲದ ಮಟ್ಟ, ಹಣ ಕೊಡುವ ದಿನ ಇವು ಮೂರನ್ನೂ ನಮೂದಿಸಿದ ಕರಾರುಪತ್ರವನ್ನು ಸಸಿಮಡಿಗೆ ಬೀಜ ಹಾಕುವ ಮೊದಲೇ ಬರೆಯಿಸಿಕೊಳ್ಳತಕ್ಕದ್ದು.